ಇಪ್ಪತ್ನಾಲ್ಕು ಹಲ್ಲಿನ ಗಾಲಿ

ಮೊನ್ನೆ ಬೆಳಿಗ್ಗೆ ನಾನು ಜೋಳದ ರೊಟ್ಟಿಯ ದಪ್ಪ ಅಳೆದೆ. ಬೆರಳಿನಿಂದಲ್ಲ, ವರ್ನಿಯರ್ ಕ್ಯಾಲಿಪರ್‌ನಿಂದ.

ನಡುವೆ ಎರಡು ಪಾಯಿಂಟ್ ಒಂದು ಮಿಲಿಮೀಟರ್. ಅಂಚಿನಲ್ಲಿ ಒಂದು ಪಾಯಿಂಟ್ ಎಂಟು. ಎರಡನೆಯ ರೊಟ್ಟಿಗೂ ಕೈ ಹಾಕುವಷ್ಟರಲ್ಲಿ ನಮ್ಮ ಯಜಮಾನರು ತಟ್ಟೆಯನ್ನೇ ತಮ್ಮ ಕಡೆ ಎಳೆದುಕೊಂಡರು.

"ಏನ ನಡಸೀ ಇದು? ರೊಟ್ಟಿ ತಿನ್ನೂದೋ, ಅದರ ಜಾತಕ ಬರಿಯೂದೋ?"

"ಟಾಲರೆನ್ಸ್ ನೋಡಾಕತ್ತೇನ್ರಿ. ಅಂದ್ರ, ಎಷ್ಟು ಹೆಚ್ಚುಕಡಿಮಿ ಆದ್ರ ನಡೀತೈತಿ ಅನ್ನೂದು."

"ಇಪ್ಪತ್ತಾರ ವರ್ಷದಿಂದ ಹೆಚ್ಚುಕಡಿಮಿ ಆದದ್ದನ್ನ ತಿನ್ನಾಕತ್ತೇನಿ. ನಡದೈತಿ. ಪಲ್ಯ ಹಾಕು."

ಹೌದು, ನನಗೆ ಹುಚ್ಚು ಹಿಡಿದಿದೆ. ನಿಮ್ಮಿಂದ ಮುಚ್ಚಿಟ್ಟು ಏನು ಪ್ರಯೋಜನ? ಒಂದು ತಿಂಗಳಿನಿಂದ ನಾನು ಮೆಕ್ಯಾನಿಕಲ್ ಡ್ರಾಯಿಂಗ್ ಓದುವುದನ್ನು ಕಲಿಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಕ್ಯಾಡ್ ಎನ್ನುವ ಸಾಫ್ಟ್‌ವೇರ್ ತೆರೆದು ಕಬ್ಬಿಣದ ಸಾಮಾನುಗಳನ್ನು ಕಟ್ಟುತ್ತಿದ್ದೇನೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ, ವಯಸ್ಸು ಐವತ್ತೊಂದಾದ, ಗಣಿತದಲ್ಲಿ ದೇವರ ದಯೆಯಿಂದ ಪಾಸಾದ ನಾನು! (ಹಳೆಯ ಓದುಗರಿಗೆ ಗೊತ್ತು, ಹೊಸ ಮಿಕ್ಸರಿನ ಜಾರ್ ಕೂರಿಸಲಿಕ್ಕೂ ಪಕ್ಕದ ಮನೆಯವರನ್ನು ಕರೆದವಳು ನಾನು.)

ಇದೆಲ್ಲ ಶುರುವಾದದ್ದು ಗುಳೇದಗುಡ್ಡದಲ್ಲಿ, ನನ್ನ ದೊಡ್ಡವ್ವನ ಮನೆಯಲ್ಲಿ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ, ನೀಲವ್ವ. ವಯಸ್ಸು ಎಪ್ಪತ್ತೈದರ ಹತ್ತಿರ. ಸಾಲಿಯ ಕಟ್ಟೆ ಹತ್ತಿದವಳಲ್ಲ. ಹತ್ತನೇ ವಯಸ್ಸಿಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವಳು ಇನ್ನೂ ಕುಳಿತೇ ಇದ್ದಾಳೆ. ನೇಯುವುದು ಖಣ, ಕುಪ್ಪಸದ ಬಟ್ಟೆ. ನಿಮಗೆ ಉಡಿ ತುಂಬಿದ ಖಣ, ನಿಮ್ಮವ್ವ ಜೋಪಾನವಾಗಿ ಟ್ರಂಕಿನಲ್ಲಿಟ್ಟ ಖಣ, ಯಾರಿಗೆ ಗೊತ್ತು, ಅದರಲ್ಲಿ ಒಂದಾದರೂ ದೊಡ್ಡವ್ವನ ಕೈಯದ್ದೇ ಇರಬಹುದು.

ಮಗ್ಗದಲ್ಲಿ ನೇಯ್ದ ಬಟ್ಟೆ ಮರದ ಒಂದು ಉರುಳೆಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಆ ಉರುಳೆಯ ತುದಿಗೆ ಕಬ್ಬಿಣದ ಒಂದು ಹಲ್ಲಿನ ಗಾಲಿ. ಹಲ್ಲುಗಳೆಲ್ಲ ಒಂದೇ ಕಡೆಗೆ ಬಾಗಿರುತ್ತವೆ. ಅವುಗಳ ಸಂದಿಗೆ ಕಬ್ಬಿಣದ ನಾಲಿಗೆಯೊಂದು ಬಂದು ಕೂರುತ್ತದೆ. ಹೀಗಾಗಿ ಉರುಳೆ ಮುಂದೆ ತಿರುಗಬಹುದು, ಹಿಂದಕ್ಕೆ ಜಾರುವಂತಿಲ್ಲ. ನೂಲು ಬಿಗಿಯಾಗಿ ನಿಲ್ಲುವುದು ಈ ಗಾಲಿಯ ದಯೆಯಿಂದ. ಆ ಗಾಲಿಯೇ ಒಡೆದು ಎರಡು ಹೋಳಾಯಿತು.

ಒಡೆದದ್ದಾದರೂ ಎಂಥ ಹೊತ್ತಿನಲ್ಲಿ! ಹೊಸ ಹಾಸು ಏರಿಸಿ, ಅಂದರೆ ಮಗ್ಗದ ಉದ್ದಕ್ಕೂ ಹೊಸ ನೂಲು ಬಿಗಿದು, ಇನ್ನೂ ಅರ್ಧ ನೇಯ್ದಿರಲಿಲ್ಲ. ಹಗ್ಗ ಕಟ್ಟಿ ನೋಡಿದರು. ಹಗ್ಗ ಜಾರಿತು. ಖಣದ ಮೇಲೆ ನೇಯುವ ಸೂಜಿಮಲ್ಲಿಗೆಯ ಹೂಗಳು ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಬಂದವು. ಇಂಥ ಗಾಲಿ ಎರಕ ಹೊಯ್ದು ಕೊಡುತ್ತಿದ್ದ ಅಂಗಡಿ ಮುಚ್ಚಿ ಎಷ್ಟೋ ವರ್ಷಗಳಾಗಿವೆ. ಇಳಕಲ್ಲಿನಲ್ಲೂ ವಿಚಾರಿಸಿದರು. ಆ ಅಳತೆಯದು ಯಾರ ಹತ್ತಿರವೂ ಇರಲಿಲ್ಲ.

ನಾನು ನೋಡಲು ಹೋದ ದಿನ ದೊಡ್ಡವ್ವನ ಮಗ ಈರಣ್ಣ ನನ್ನನ್ನು ಬಾಗಿಲಲ್ಲೇ ಹಿಡಿದ.

"ಅಕ್ಕಾ, ನೀನರ ಹೇಳು ಅವ್ವಗ. ಕುಣ್ಯಾಗಿಂದ ಎಬ್ಬಸಾಕ ಇಬ್ಬರು ಬೇಕು, ಅಂಥಾ ಮೊಣಕಾಲು. ಗಾಲಿ ಒಡದದ್ದ ಛಲೋ ಆತು. ಮಗ್ಗ ಗುಜರಿಗೆ ಹಾಕಿ, ಆ ಖೋಲ್ಯಾಗ ಮಂಚ, ಫ್ಯಾನ್ ಹಾಕಿ ಕೊಡ್ತೇನಿ. ಆರಾಮ ಮಲಗಲಿ."

ಈರಣ್ಣ ಕೆಟ್ಟವನಲ್ಲ. ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ, ಪ್ರತಿ ಸಂಜೆ ತಾಯಿಯ ಕಾಲಿಗೆ ತಾನೇ ಎಣ್ಣೆ ತಿಕ್ಕುತ್ತಾನೆ. ಅವನ ಮಾತು ಸುಳ್ಳೂ ಅಲ್ಲ.

ಒಳಗಿನಿಂದ ದೊಡ್ಡವ್ವನೇ ಹೇಳಿದಳು.

"ಮಲಗೂದು ಇದ್ದ ಐತಿ ಮುಂದ. ಏರಿಸಿದ ಹಾಸು ಪೂರಾ ಇಳೀಬೇಕು. ನಡುವ ಕತ್ತರಿ ಹಾಕೂದು ನಮ್ಮ ಮನ್ಯಾಗ ಇಲ್ಲ. ಬರೂ ಅಮಾಸಿ ತನಕ ನೋಡ್ತೇನಿ. ಗಾಲಿ ಬಂದ್ರ ನೇಯ್ತೇನಿ. ಬರಲಿಲ್ಲಂದ್ರ, ಅಮಾಸಿ ಮಾರನೇ ದಿನ ಗುಜರ್ಯಾವಗ ಬಾ ಅನ್ನು. ನೂಲು ನಾನ ಕತ್ತರಸ್ತೇನಿ."

ಅಷ್ಟು ಹೇಳಿ ನೇಯದ ನೂಲಿನ ಮೇಲೆ ಕೈಯಾಡಿಸುತ್ತ ಕುಳಿತಳು. ನನಗೆ ತಡೆಯಲಾಗಲಿಲ್ಲ. "ದೊಡ್ಡವ್ವಾ, ಗಾಲಿ ನಾ ತರ್ತೇನಿ" ಎಂದುಬಿಟ್ಟೆ. ಎಲ್ಲಿಂದ ತರುತ್ತೇನೆ, ಹೇಗೆ ತರುತ್ತೇನೆ, ಏನೂ ಗೊತ್ತಿಲ್ಲ. ಅಮಾವಾಸ್ಯೆಗೆ ಇಪ್ಪತ್ತೈದು ದಿನ ಉಳಿದಿತ್ತು.

ಮರುದಿನ ಒಡೆದ ಹೋಳೊಂದನ್ನು ಕೈಚೀಲಕ್ಕೆ ಹಾಕಿಕೊಂಡು ನಮ್ಮ ಬಾಗಲಕೋಟೆಯ ನವನಗರದ ದಸ್ತಗೀರ್ ಸಾಬರ ವರ್ಕ್‌ಶಾಪಿಗೆ ಹೋದೆ. ಟ್ರ್ಯಾಕ್ಟರಿನ ಭಾಗಗಳಿಂದ ಹಿಡಿದು ಹಿಟ್ಟಿನ ಗಿರಣಿಯ ಶಾಫ್ಟ್‌ವರೆಗೆ ಕಡೆದು ಕೊಡುವವರು ಅವರು. ಹೋಳನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಹಲ್ಲು ಸವರಿದರು.

"ಇದು ಸವದು ಹೋಗೇತ್ರಿ ಟೀಚರ್ರ. ಅದರಾಗ ಅರ್ಧಾನೂ ಇಲ್ಲ. ಮುರಕ ನೋಡಿ ಮಾಡಿದ್ರ ಮುರಕನ ಆಕ್ಕೈತಿ. ಈಗ ನಮ್ಮದು ಕಂಪ್ಯೂಟರ್ ಮಷಿನ್. ಡ್ರಾಯಿಂಗ್ ತರ್ರಿ, ಫೈಲ್ ತರ್ರಿ. ಒಂದ ಉಂಡಿ ಕಬ್ಬಿಣದಾಗ ಕಡದು ಕೊಡ್ತೇನಿ."

"ಬೆಸುಗಿ ಹಾಕಿ ಜೋಡಸಾಕ ಬರೂದಿಲ್ಲೇನ್ರಿ?"

"ಮಗ್ಗದ ಎಳತಕ್ಕ ಬೆಸುಗಿ ತಡಿಯೂದಿಲ್ರಿ. ಮ್ಯಾಲ ಹೋಗ್ರಿ, ನಮ್ಮ ನಸ್ರೀನ್ ಅದಾಳ. ನಿಮ್ಮ ಹುಡುಗಿನ ಆಕಿ."

ನನ್ನ ಹುಡುಗಿ! ಎಂಟನೇ ತರಗತಿಯಲ್ಲಿ ನನ್ನ ಕನ್ನಡ ಪಾಠಕ್ಕೆ ಕುಳಿತು, ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಫ್ಯಾನಿನ ಚಿತ್ರ ಬರೆಯುತ್ತಿದ್ದ ನಸ್ರೀನ್. ಬರೀ ರೆಕ್ಕೆಗಳಲ್ಲ, ಒಳಗಿನ ಮೋಟರ್ ಸಮೇತ. ನಾನು ಆ ಹಾಳೆ ಕಿತ್ತು, ಹೊರಗೆ ನಿಲ್ಲಿಸಿದ್ದೆ. ಈಗ ಅವಳು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ತಂದೆಯ ವರ್ಕ್‌ಶಾಪಿನ ಮಾಳಿಗೆಯ ಮೇಲೆ ಎಂಟು ಕಂಪ್ಯೂಟರ್ ಇಟ್ಟು ಕ್ಯಾಡ್ ಕಲಿಸುತ್ತಾಳೆ. ನನ್ನನ್ನು ನೋಡಿದವಳೇ ಎದ್ದು ನಿಂತಳು. (ನನಗೂ ಎದ್ದು ನಿಲ್ಲಬೇಕು ಎನ್ನಿಸಿತು, ಆದರೆ ನಾನು ನಿಂತೇ ಇದ್ದೆ.)

"ಅಳತಿ ತಂದು ಕೊಡ್ರಿ ಟೀಚರ್, ನಾ ಅರ್ಧಾ ತಾಸಿನ್ಯಾಗ ಮಾಡಿ ಕೊಡ್ತೇನಿ" ಎಂದಳು. ತೋರಿಸಲೆಂದು ಸ್ಕ್ರೀನಿನ ಮೇಲೆ ಒಂದು ವೃತ್ತ ಬರೆದಳು. ಮೌಸ್ ಹಿಡಿದು ಎಳೆದಳು.

ವೃತ್ತ ಎದ್ದು ನಿಂತಿತು!

ಚಪ್ಪಟೆ ಇದ್ದದ್ದು ಡಬ್ಬಿಯಾಯಿತು. ನಡುವೆ ಇನ್ನೊಂದು ವೃತ್ತ ಬರೆದು ಒತ್ತಿದಳು. ಆರಪಾರ ತೂತು. ಮೌಸ್ ಹೊರಳಿಸಿದಳು. ಡಬ್ಬಿ ನನ್ನೆದುರು ಮಗ್ಗುಲಾಯಿತು, ಅಂಗಾತವಾಯಿತು, ತನ್ನ ತಳ ತೋರಿಸಿತು. ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಮೈಯೆಲ್ಲ ಜುಮ್ಮೆಂದಿತು. ಇಷ್ಟು ವರ್ಷ ಇಂಥದ್ದೊಂದು ಸುಖ ಇದೆ ಎಂದು ಯಾರೂ ನನಗೆ ಯಾಕೆ ಹೇಳಲಿಲ್ಲ?

"ನಸ್ರೀನ್, ನೀ ಮಾಡಿ ಕೊಡಬ್ಯಾಡ. ನನಗ ಕಲಸು."

ಅವಳು ನನ್ನ ಮುಖ ನೋಡಿದಳು. ನಗೆ ತಡೆದುಕೊಂಡಳು ಎಂದು ನನ್ನ ಗುಮಾನಿ.

ಒಂದು ಮಾತು ಹೇಳಬೇಕು. ನಮ್ಮದು ಮುಳುಗಡೆಯ ಕುಟುಂಬ, ಆಣೆಕಟ್ಟಿನ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟವರು. ಹಳೆ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದಾಗ ಅಪ್ಪನ ಕೈಗೆ ಮನೆಯ ಪ್ಲಾನ್ ಬಂದಿತ್ತು, ನೀಲಿ ಗೆರೆಯ ದೊಡ್ಡ ಕಾಗದ. ಅಪ್ಪ ಅದನ್ನು ನೆಲದ ಮೇಲೆ ಹಾಸಿ, ನಾವೆಲ್ಲ ಸುತ್ತ ಕುಳಿತು, ಬಾಗಿಲು ಎಲ್ಲಿದೆ ಎಂದು ಹುಡುಕಿದೆವು. ಸಿಗಲಿಲ್ಲ. ಗೌಂಡಿ ಬಂದು ಕಾಗದವನ್ನು ತಿರುಗಿಸಿ ಇಟ್ಟ. ನಾವು ಅದನ್ನು ಉಲ್ಟಾ ಹಿಡಿದಿದ್ದೆವು. ಅಪ್ಪ ನಕ್ಕರು, ಆದರೆ ಆ ನಗುವಿನಲ್ಲಿ ಅವಮಾನ ಇತ್ತು. ಅದನ್ನು ನಾನು ಮರೆತಿಲ್ಲ.

ಇರಲಿ. ಕ್ಲಾಸಿಗೆ ಬರೋಣ.

ಸಾಲಿ ಬಿಟ್ಟ ಮೇಲೆ ಸಂಜೆ ಐದರಿಂದ ಆರೂವರೆ. ಮೊದಲ ದಿನ ಉಳಿದ ವಿದ್ಯಾರ್ಥಿಗಳು ನನ್ನನ್ನು ಯಾರದೋ ತಾಯಿ ಎಂದುಕೊಂಡರು. ಎರಡನೆಯ ದಿನ ಹೊಸ ಮೇಡಂ ಎಂದುಕೊಂಡರು. ಮೂರನೆಯ ದಿನ ನನ್ನ ಕೈಯಲ್ಲಿ ಪೆನ್ಸಿಲ್, ರಬ್ಬರ್ ನೋಡಿ ಸುಮ್ಮನಾದರು.

ನಸ್ರೀನಳ ಕ್ಲಾಸಿನಲ್ಲಿ ಮೊದಲು ಪೆನ್ಸಿಲ್, ಆಮೇಲೆ ಕಂಪ್ಯೂಟರ್. ಯಾವುದೇ ವಸ್ತುವಿಗೆ ಮೂರು ನೋಟ: ಎದುರಿನಿಂದ, ಮೇಲಿನಿಂದ, ಮಗ್ಗುಲಿನಿಂದ. ಮೂರನ್ನೂ ಮನಸ್ಸಿನಲ್ಲಿ ಕೂಡಿಸಿದರೆ ವಸ್ತು ಎದ್ದು ಬರಬೇಕು. ನನಗೆ ಕೊಟ್ಟ ಮೊದಲ ಹೋಮ್‌ವರ್ಕ್ ನಮ್ಮ ಮನೆಯ ಬೀಸುವ ಕಲ್ಲು. ಮೇಲಿನಿಂದ ನೋಡಿದರೆ ಒಂದು ದೊಡ್ಡ ವೃತ್ತ, ಒಂದು ಸಣ್ಣ ವೃತ್ತ, ಅಂಚಿಗೆ ಗೂಟ. ಎದುರಿನಿಂದ ನೋಡಿದರೆ ಒಂದರ ಮೇಲೊಂದು ಎರಡು ಆಯತ. ವೃತ್ತ ಎಲ್ಲಿ ಹೋಯಿತು? ಇಷ್ಟು ವರ್ಷ ಗುಂಡಗಿದ್ದ ನಮ್ಮತ್ತೆಯ ಬೀಸುವ ಕಲ್ಲು ಒಮ್ಮೆಲೇ ಚೌಕವಾಗಿ ಕುಳಿತಿತ್ತು. ನಾನು ಅಡುಗೆಮನೆಯ ನೆಲಕ್ಕೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ ನೋಡಿದೆ. ಖರೇನೇ ಆಯತ!

"ಟೀಚರ್, ಇದು ಒಳಗಿನ ಅಂಚು, ಹೊರಗ ಕಾಣೂದಿಲ್ಲ. ಗಟ್ಟಿ ಗೀಟು ಯಾಕ ಹಾಕಿದ್ರಿ?"

"ಕಾಣೂದಿಲ್ಲ ಅಂದ್ರ ಬಿಡಲೇನು?"

"ಬಿಡಬಾರದ್ರಿ. ತುಂಡು ತುಂಡು ಗೀಟು ಹಾಕಬೇಕು. ಕಾಣದಿದ್ರೂ ಐತಿ ಅಂತ ತೋರಸಬೇಕು."

ಎಷ್ಟು ಪ್ರಾಮಾಣಿಕವಾದ ವಿದ್ಯೆ ನೋಡಿ! ಕಣ್ಣಿಗೆ ಬೀಳದ್ದನ್ನೂ ಬಚ್ಚಿಡುವಂತಿಲ್ಲ. ನಮ್ಮಲ್ಲಿ ಮದುವೆಗೆ ಮುಂಚೆ ಹುಡುಗನ ಕಡೆಯವರು ಒಂದು ಡ್ರಾಯಿಂಗ್ ಕೊಡುವಂತಾದರೆ ಎಷ್ಟು ತುಂಡು ಗೀಟು ಬೇಕಾದೀತು? (ನಮ್ಮ ಯಜಮಾನರು ಇದನ್ನು ಓದುತ್ತಾರೆ. ನಿಮ್ಮದು ಎರಡೇ ಗೀಟು, ಚಿಂತೆ ಬೇಡ.)

ಆದರೆ ಒಂದು ನಿಯಮ ಮಾತ್ರ ನನ್ನ ತಲೆಗೆ ಇಳಿಯಲೇ ಇಲ್ಲ. ನಮ್ಮ ದೇಶದಲ್ಲಿ ಡ್ರಾಯಿಂಗ್ ಬರೆಯುವಾಗ, ವಸ್ತುವನ್ನು ಎಡಗಡೆಯಿಂದ ನೋಡಿದರೆ ಕಂಡದ್ದನ್ನು ಬಲಗಡೆ ಬರೆಯಬೇಕಂತೆ. ಬಲದಿಂದ ಕಂಡದ್ದನ್ನು ಎಡಗಡೆ. ಯಾಕೆ? "ಟಾರ್ಚ್ ಎಡಗಡೆ ಹಿಡದ್ರ ನೆರಳು ಬಲಗಡೆ ಬೀಳೂದಿಲ್ಲೇನ್ರಿ, ಹಂಗ" ಎಂದಳು ನಸ್ರೀನ್. ನಾನು ತಲೆಯಾಡಿಸಿದೆ. ನನ್ನ ಕ್ಲಾಸಿನಲ್ಲಿ ಸಂಧಿ, ಸಮಾಸಕ್ಕೆ ತಲೆಯಾಡಿಸುವ ಹುಡುಗರು ಹೇಗೆ ಆಡಿಸುತ್ತಾರೋ ಅದೇ ರೀತಿ.

ಎರಡು ವಾರದ ಮೇಲೆ, ಭಾನುವಾರ, ವರ್ನಿಯರ್ ಹಿಡಿದುಕೊಂಡು ಗುಳೇದಗುಡ್ಡದ ಬಸ್ ಹತ್ತಿದೆ. ಗಾಲಿಯ ಒಂದು ಮಗ್ಗುಲಿಗೆ ದಪ್ಪ ಬಳೆಯಂಥ ಕೊರಳಿದೆ. ಅದು ಮರದ ಉರುಳೆಯೊಳಗೆ ಹೋಗಿ ಬಿಗಿಯುತ್ತದೆ. ಒಡೆದಾಗ ಆ ಕೊರಳು ಉರುಳೆಯಲ್ಲೇ ಸಿಕ್ಕಿಕೊಂಡು ಕುಳಿತಿತ್ತು. ಹಾಗಾಗಿ ಅಲ್ಲೇ ಕುಳಿತು ಅಳೆಯಬೇಕು. ನಾನು ಮಗ್ಗದ ಬಲಮಗ್ಗುಲಿಗೆ ನುಸುಳಿ, ಮೊಬೈಲಿನ ಟಾರ್ಚ್ ಹಚ್ಚಿ, ಅಳತೆ ಕೂಗುತ್ತ ನಾನೇ ಬರೆದುಕೊಂಡೆ. ಹಲ್ಲು ಇಪ್ಪತ್ನಾಲ್ಕು. ಈಚೆಯಿಂದ ಆಚೆಗೆ ನೂರಾ ಹದಿನೆಂಟು ಮಿಲಿಮೀಟರ್. ಕೊರಳಿನ ಉದ್ದ ಇಪ್ಪತ್ತೆರಡು.

ಹಾಗೆ ನುಸುಳಿದಾಗಲೇ ನೋಡಿದ್ದು, ನೂಲಿನ ಕೆಳಗೆ ಅಂಗೈಯಗಲದ ಒಂದು ಕನ್ನಡಿ ಮಲಗಿತ್ತು.

"ಇದ್ಯಾಕ ದೊಡ್ಡವ್ವಾ ಇಲ್ಲಿ?"

"ನಮ್ಮ ಮಗ್ಗದಾಗ ಬಟ್ಟಿ ಬೋರಲ ನೇಯ್ತೀವಿ. ನನ್ನ ಕಣ್ಣಿಗೆ ಹಿಂದಿನ ಮಗ್ಗಲ ಕಾಣ್ತೈತಿ. ಹೂವು ಕೆಳಗ ಅರಳತಾವ. ಅರಳಿದ್ದು ನೋಡಾಕ ಕನ್ನಡಿ."

ಹೂಂ ಎಂದು ನನ್ನ ಅಳತೆಗೆ ಮರಳಿದೆ. ಆ ಹೊತ್ತಿಗೆ ನನಗೆ ಕನ್ನಡಿಗಿಂತ ವರ್ನಿಯರ್ ದೊಡ್ಡದಾಗಿತ್ತು.

ಆ ವಾರ ನಾನು ಗಾಲಿ ಬರೆದೆ. ಮೊದಲು ಕಾಗದದ ಮೇಲೆ. ಆಮೇಲೆ ಕಂಪ್ಯೂಟರಿನಲ್ಲಿ. ಒಂದೇ ಒಂದು ಹಲ್ಲು ಬರೆದು, ಇಪ್ಪತ್ನಾಲ್ಕು ಎಂದು ಒತ್ತಿದರೆ ಸುತ್ತಲೂ ಸರಸರನೆ ಹಲ್ಲು ಮೂಡಿದವು. ನಾನು ಕೂಗಿಯೇಬಿಟ್ಟೆ. ಇಡೀ ಕ್ಲಾಸು ತಿರುಗಿ ನೋಡಿತು. ನೋಡಲಿ ಬಿಡಿ! ಕೊರಳು ಎಳೆದೆ, ತೂತು ಕೊರೆದೆ, ಬೂದು ಬಣ್ಣ ಹಚ್ಚಿದೆ. ಗಾಲಿ ಸ್ಕ್ರೀನಿನ ಮೇಲೆ ತಿರುಗುತ್ತಿತ್ತು. ಅದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ಸ್ಟಾಫ್ ರೂಮಿನ ಗ್ರೂಪಿಗೆ ಹಾಕಿದೆ. ಗಣಿತದ ಮೇಷ್ಟ್ರು ಕೈಮುಗಿದ ಚಿತ್ರ ಕಳಿಸಿದರು.

ಡ್ರಾಯಿಂಗಿನ ಕೆಳಗೆ, ಬಲಮೂಲೆಯಲ್ಲಿ, ಒಂದು ಪಟ್ಟಿ ಇರುತ್ತದೆ. ಭಾಗದ ಹೆಸರು, ಅಳತೆಯ ಪ್ರಮಾಣ, ಅದರ ಕೆಳಗೆ ಎರಡು ಖಾನೆ: 'ಡ್ರಾನ್ ಬೈ', 'ಚೆಕ್ಡ್ ಬೈ'. ಬರೆದವರು ಒಬ್ಬರು, ನೋಡಿ ಒಪ್ಪಿದವರು ಇನ್ನೊಬ್ಬರು.

"ಎರಡೂ ಒಬ್ಬರ ಹೆಸರು ಇರಬಾರದ್ರಿ ಟೀಚರ್. ನಾ ಅಳತಿ ಕೂಡಸಿ ನೋಡ್ತೇನಿ. ಆದ್ರ ನಾ ಆ ಮಗ್ಗ ಕಂಡಾಕಿ ಅಲ್ಲ. ಅದನ್ನ ಬಲ್ಲವರು ಯಾರರ ನೋಡ್ಲಿ."

ಮನೆಗೆ ಹೋಗಿ ಯಜಮಾನರ ಮುಂದೆ ಕಾಗದ ಹಿಡಿದೆ. ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು. "ನೋಡ್ರಿ, ಸರಿ ಐತೇನು?" "ಹೂಂ, ಭಾರಿ ಆಗೈತಿ" ಎಂದರು, ಬೌಲರ್ ಕಡೆ ನೋಡುತ್ತ. ಚೆಕ್ಡ್ ಬೈ ಖಾನೆಯಲ್ಲಿ ಅವರ ಹೆಸರು ಬರೆದೆ.

ಮಷಿನಿಗೆ ಕೊಡುವ ಮೊದಲು ದೊಡ್ಡವ್ವನಿಗೆ ತೋರಿಸಬೇಕಲ್ಲ? ಒಪ್ಪಿಗೆಗಾಗಿ ಅಲ್ಲ. ನಿಜ ಹೇಳುತ್ತೇನೆ, ಹೊಗಳಿಸಿಕೊಳ್ಳಲಿಕ್ಕೆ. ಬಣ್ಣದ ಪ್ರಿಂಟ್ ತೆಗೆಸಿಕೊಂಡು ಗುಳೇದಗುಡ್ಡಕ್ಕೆ ಹೋದೆ. ದೊಡ್ಡವ್ವ ಕನ್ನಡಕ ಏರಿಸಿ, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ನಿಮಿಷ ನೋಡಿದಳು. ಅಷ್ಟೇ, ಒಂದು ನಿಮಿಷ.

"ಸುಮಿ, ಇದು ಉಲ್ಟಾ ಐತೆಲ್ಲವಾ."

"ಏನು ಉಲ್ಟಾ?"

"ಗಾಲಿ. ಕೊರಳು ಈ ಮಗ್ಗಲಿದ್ರ ಹಲ್ಲು ಆ ಕಡೆ ಬಾಗಬೇಕು. ಇವು ಈ ಕಡೆ ಬಾಗ್ಯಾವ. ಇದು ಕನ್ನಡ್ಯಾಗಿನ ಗಾಲಿ."

ಆಗ ನಾನು ಏನು ಹೇಳಿದೆ ಗೊತ್ತೇ? ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. "ದೊಡ್ಡವ್ವಾ, ಇದು ಇಂಜಿನಿಯರಿಂಗ್ ಡ್ರಾಯಿಂಗ್. ಇದನ್ನ ಓದೂದ ಬ್ಯಾರೆ ಇರ್ತೈತಿ. ನಿನಗ ತಿಳಿಯೂದಿಲ್ಲ ಬಿಡು" ಎಂದೆ. ಎರಡೂವರೆ ವಾರದ ವಿದ್ಯೆಯ ಸೊಕ್ಕು! ಅರೆಬೆಂದ ಅನ್ನ ಹೆಚ್ಚು ಸದ್ದು ಮಾಡುತ್ತದೆ ನೋಡಿ.

ದೊಡ್ಡವ್ವ ಕಾಗದ ಮಡಚಿ ಕೊಟ್ಟಳು. "ಇರಬೌದವಾ. ಓದಿದಾಕಿ ನೀ" ಎಂದಳು.

ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ದಸ್ತಗೀರ್ ಸಾಬರು ಗಾಲಿ ಕೊಟ್ಟರು. ಅಬ್ಬಾ, ಆ ಹೊಳಪು! ಎಣ್ಣೆ ಸವರಿದ ತಂಪು ಕಬ್ಬಿಣ, ಒಂದೊಂದು ಹಲ್ಲೂ ಚೂಪು. ಪೇಪರಿನ ಗೆರೆ ಕೈಯಲ್ಲಿ ತೂಕವಾಗಿ ಕುಳಿತಿತ್ತು. ಬಸ್ಸಿನಲ್ಲಿ ಅದನ್ನು ಕೈಚೀಲದಲ್ಲಿಡಲು ಮನಸ್ಸಾಗದೆ ಮಡಿಲಲ್ಲಿಟ್ಟುಕೊಂಡು ಹೋದೆ. ಪಕ್ಕದಲ್ಲಿ ಕುಳಿತ ಹೆಂಗಸು "ಏನ್ರಿ ಅದು?" ಎಂದು ಕೇಳಿದ್ದೇ ತಡ, ಅವರ ಸ್ಟಾಪ್ ಬರುವವರೆಗೂ ವಿವರಿಸಿದೆ.

ಉರುಳೆಯಲ್ಲಿ ಸಿಕ್ಕಿದ್ದ ಹಳೆಯ ಕೊರಳು ಕಿತ್ತು ತೆಗೆದು, ಈರಣ್ಣನೇ ಗಾಲಿ ಕೂರಿಸಿದ. ಕೊರಳು ಉರುಳೆಯೊಳಗೆ ಸರಕ್ಕನೆ ಹೋಗಿ ಬಿಗಿಯಿತು. ಅಳತೆ ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ನಾನು ಚಪ್ಪಾಳೆ ತಟ್ಟಿದೆ. ನಾಲಿಗೆಯನ್ನು ಹಲ್ಲಿಗೆ ಕೂರಿಸಿ, ಉರುಳೆ ತಿರುಗಿಸಿದ.

ತಿರುಗಲಿಲ್ಲ.

ಒತ್ತಿದ. ಮುಂದಕ್ಕೆ ಒಂದು ಹಲ್ಲೂ ಹೋಗಲೊಲ್ಲದು. ಕೈ ಬಿಟ್ಟ. ಉರುಳೆ ಟಕಟಕ ಎನ್ನುತ್ತ ಹಿಂದಕ್ಕೆ ಜಾರಿತು, ಬಟ್ಟೆಯೆಲ್ಲ ಸಡಿಲಾಗಿ ಇಳಿಬಿತ್ತು. ಮುಂದೆ ಬಿಟ್ಟು ಹಿಂದೆ ತಡೆಯಬೇಕಾದ ಗಾಲಿ ಹಿಂದೆ ಬಿಟ್ಟು ಮುಂದೆ ತಡೆಯುತ್ತಿತ್ತು. ತಿರುವಿ ಹಾಕೋಣವೆಂದರೆ ಕೊರಳು ಹೊರಗೆ ಬರುತ್ತದೆ. ಹಲ್ಲು ಉಲ್ಟಾ ಬಾಗಿದ್ದವು. ದೊಡ್ಡವ್ವ ಹೇಳಿದ ಹಾಗೆಯೇ.

ಈರಣ್ಣ ಮೆಲ್ಲಗೆ, "ಇರಲಿ ಬಿಡಕ್ಕಾ, ನೀ ಇಷ್ಟ ಮಾಡಿದ್ದ ಭಾಳ ಆತು" ಎಂದ. ಅವನು ಬೈದಿದ್ದರೆ ವಾಸಿ ಇತ್ತು. ನನಗೆ ಕಣ್ಣಲ್ಲಿ ನೀರು ಬಂತು. ನಾನು ತಪ್ಪು ಮಾಡಿದ್ದಕ್ಕಲ್ಲ, ತಪ್ಪನ್ನು ಒಬ್ಬಾಕೆ ಬೆರಳಿಟ್ಟು ತೋರಿಸಿದ ಮೇಲೂ ಮಾಡಿದ್ದಕ್ಕೆ.

ದೊಡ್ಡವ್ವ ಮಾತ್ರ ನಕ್ಕಳು. "ಪಾಠ ಹೇಳಾಕ ಕಲತೀ, ಕೇಳಾಕ ಕಲೀಲಿಲ್ಲ ನೋಡು ನೀ" ಎಂದಳು. ಆಮೇಲೆ, "ಎಷ್ಟು ದಿನ ಐತಿ ಅಮಾಸಿ?" ಎಂದು ಕೇಳಿದಳು.

ಅಲ್ಲಿಂದಲೇ ನಸ್ರೀನಳಿಗೆ ಫೋನ್ ಹಚ್ಚಿದೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬಂದೇಬಿಟ್ಟಳು. ಬಂದವಳು ಮೊದಲು ನೋಡಿದ್ದು ಲ್ಯಾಪ್‌ಟಾಪ್ ಅಲ್ಲ, ನಾನು ಪೆನ್ಸಿಲ್‌ನಲ್ಲಿ ಬರೆದ ಮೊದಲ ಕಾಗದ.

"ಟೀಚರ್, ನೀವು ಮಗ್ಗದ ಯಾವ ಮಗ್ಗಲಿಂದ ಕೂತು ನೋಡಿದ್ರಿ?"

"ಬಲಗಡೆಯಿಂದ."

"ಅದನ್ನ ಕಾಗದದ ಮ್ಯಾಲ ಯಾವ ಕಡೆ ಬರದ್ರಿ?"

"ಬಲಕ್ಕ..." ಎಂದವಳು ಅಲ್ಲೇ ನಿಂತೆ.

ಬರೆಯುವಾಗ ನನ್ನ ಬುದ್ಧಿಯಂತೆ 'ಬಲದ್ದು ಬಲಕ್ಕೆ' ಬರೆದಿದ್ದೆ. ಅದೇ ಕಾಗದವನ್ನು ಓದಿ ಕಂಪ್ಯೂಟರಿನಲ್ಲಿ ಕಟ್ಟುವಾಗ ನಸ್ರೀನಳ ನಿಯಮದಂತೆ 'ಬಲಕ್ಕೆ ಇರುವುದು ಎಡದ್ದು' ಎಂದು ಓದಿದ್ದೆ. ಅಳತೆ ಎಲ್ಲ ಸರಿ. ಕೊರಳೊಂದು ಆಚೆಯ ಮಗ್ಗುಲು ಬಿಟ್ಟು ಈಚೆಗೆ ಬಂದು ಕುಳಿತಿತ್ತು. ನಮ್ಮ ಅಪ್ಪ ಕಾಗದವನ್ನು ಉಲ್ಟಾ ಹಿಡಿದಿದ್ದರು. ನಾನು ಕಾಗದ ಸರಿಯಾಗಿ ಹಿಡಿದು ಗಾಲಿಯನ್ನೇ ಉಲ್ಟಾ ಮಾಡಿಸಿದ್ದೆ. ಒಂದು ತಲೆಮಾರಿನ ಪ್ರಗತಿ!

ನಸ್ರೀನ್ ದೊಡ್ಡವ್ವನ ಪಕ್ಕ ಕುಣಿಯ ಅಂಚಿಗೆ ಕುಳಿತಳು. "ಅಮ್ಮಾ, ನಿಮಗ ಹೆಂಗ ತಿಳೀತ್ರಿ? ನಮ್ಮ ಹುಡುಗರಿಗೆ ಇದನ್ನ ತಿಳಿಸೂದ್ರಾಗ ನನಗ ಸಾಕಾಗಿ ಹೋಗ್ತೈತಿ."

"ಅದರಾಗ ಏನೈತಿ ತಂಗಿ? ನಾ ಹುಟ್ಟಾ ಹಿಂದಿನ ಮಗ್ಗಲನ ನೋಡಿ ಮುಂದಿನ ಹೂ ನೇಯ್ದಾಕಿ. ಎಡಕ್ಕ ಕಂಡದ್ದು ಬಲಕ್ಕ ಬರ್ತೈತಿ, ಬಲಕ್ಕ ಕಂಡದ್ದು ಎಡಕ್ಕ. ಕಣ್ಣು ತಾನ ತಿರುವಿ ನೋಡ್ತೈತಿ."

ನಸ್ರೀನ್ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಆಮೇಲೆ ಲ್ಯಾಪ್‌ಟಾಪ್ ತೆರೆದು, ನನ್ನ ಗಾಲಿಯನ್ನು ಕರೆದು, ಒಂದು ಕಮಾಂಡ್ ಒತ್ತಿದಳು. ಅದರ ಹೆಸರೇ 'ಮಿರರ್'. ಕನ್ನಡಿ! ಕಣ್ಣು ಮಿಟುಕಿಸುವಷ್ಟರಲ್ಲಿ ಕೊರಳು ಆಚೆಯ ಮಗ್ಗುಲಿಗೆ ಹೋಯಿತು. ದೊಡ್ಡವ್ವನಿಗೆ ಅದರ ಅರ್ಥ ಹೇಳಿದಾಗ ಅವಳು ಮಗುವಿನ ಹಾಗೆ ಬಾಯಿ ತೆರೆದಳು.

"ಯವ್ವಾ! ಇದಕ್ಕೂ ಕನ್ನಡಿ ಬೇಕಾತೇನು?"

ಬೆರಳಿನಿಂದ ಸ್ಕ್ರೀನ್ ಮುಟ್ಟಿ, "ತಿರುವು, ಹಿಂದ ನೋಡೂನು" ಎಂದಳು. ನಸ್ರೀನ್ ತಿರುವಿದಳು. "ಮ್ಯಾಲ." ತಿರುವಿದಳು. "ಆ ನಾಲಿಗಿ ಕೂಡೂ ಸಂದಿ ತೋರಸು." ತೋರಿಸಿದಳು. ದೊಡ್ಡವ್ವ ಇಪ್ಪತ್ನಾಲ್ಕೂ ಹಲ್ಲು ಎಣಿಸಿದಳು. ಒಂದು ಸಂದಿಯ ಬುಡದಲ್ಲಿ ಬೆರಳಿಟ್ಟು, "ಇಲ್ಲಿ ಇಷ್ಟ ಚೂಪ ಇದ್ದದ್ದಕ್ಕ ನಮ್ಮ ಹಳೇದು ಸೀಳಿತ್ತು. ಒಂದೀಟು ಗುಂಡಗ ಮಾಡಾಕ ಬರ್ತೈತೇನ?" ಎಂದು ಕೇಳಿದಳು. ನಸ್ರೀನ್ ಆ ಸಂದಿಯನ್ನು ದೊಡ್ಡದು ಮಾಡಿ ನೋಡಿದಳು. ಅದನ್ನು ಅವಳು ಮೂರನೆಯ ತಿಂಗಳಲ್ಲಿ ಕಲಿಸುತ್ತಾಳಂತೆ. ಚೂಪು ಮೂಲೆಯಲ್ಲಿ ಲೋಹ ಮೊದಲು ಬಿರಿಯುತ್ತದೆ, ಆದ್ದರಿಂದ ಮೂಲೆಗಳನ್ನು ದುಂಡಗೆ ಮಾಡಬೇಕು ಎನ್ನುವ ಪಾಠ.

ನನಗೆ ಆಗ ಆದ ಖುಷಿಯನ್ನು ಏನೆಂದು ಹೇಳಲಿ? ಸೋತ ಖುಷಿ ಅದು. ಎಪ್ಪತ್ತೈದರ ಮುದುಕಿ, ಇಪ್ಪತ್ತಾರರ ಹುಡುಗಿ, ಇಬ್ಬರೂ ಒಂದೇ ಗಾಲಿಯ ಮೇಲೆ ತಲೆ ಬಾಗಿಸಿದ್ದಾರೆ. ನಡುವೆ ಐವತ್ತೊಂದರ ಶಿಷ್ಯೆ, ಇಬ್ಬರಿಗೂ ಚಹಾ ಹಿಡಿದು ನಿಂತಿದ್ದಾಳೆ.

ಕೊನೆಗೆ ಬಲಮೂಲೆಯ ಪಟ್ಟಿ ಬಂತು. ಚೆಕ್ಡ್ ಬೈ ಖಾನೆಯಲ್ಲಿದ್ದ ನಮ್ಮ ಯಜಮಾನರ ಹೆಸರನ್ನು ನಸ್ರೀನ್ ಅಳಿಸಿದಳು. "ಇವರು ಯಾರ್ರಿ ಟೀಚರ್?" ಎಂದು ಕೇಳಲೂ ಇಲ್ಲ, ಪಾಪ. 'ನೀಲವ್ವ' ಎಂದು ಕನ್ನಡದಲ್ಲೇ ಬರೆದಳು.

"ಏನ ಬರದಿ ತಂಗಿ?"

"ನಿಮ್ಮ ಹೆಸರ್ರಿ ಅಮ್ಮಾ. ನೀವು ನೋಡಿ, ಸರಿ ಐತಿ ಅಂದ್ರಿ ಅಂತ. ನೀವು ಒಪ್ಪಿದ ಮ್ಯಾಲನ ನಮ್ಮ ಅಪ್ಪ ಮಷಿನ್ ಚಾಲೂ ಮಾಡ್ತಾರ."

ದೊಡ್ಡವ್ವ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಓದಲು ಬರುವುದಿಲ್ಲ, ಆದರೂ ನೋಡಿದಳು. ನನಗೆ ಒಂದು ಹಳೆಯ ನೆನಪು ಚುಚ್ಚಿತು. ಎಂದೋ ನೇಕಾರರ ಕಾರ್ಡಿಗಾಗಿ ಅವಳ ಅರ್ಜಿ ತುಂಬಿದವಳು ನಾನೇ. 'ವಿದ್ಯಾಭ್ಯಾಸ' ಎಂದಿದ್ದ ಕಡೆ ಒಂದು ಕ್ಷಣವೂ ಯೋಚಿಸದೆ 'ಇಲ್ಲ' ಎಂದು ಬರೆದಿದ್ದೆ.

ಅಮಾವಾಸ್ಯೆಯ ಹಿಂದಿನ ಸಂಜೆ ಎರಡನೆಯ ಗಾಲಿ ಬಂತು. ಈರಣ್ಣ ಕೂರಿಸಿದ. ಉರುಳೆ ತಿರುಗಿಸಿದ. ಟಕ್, ಟಕ್, ಟಕ್. ಕೈ ಬಿಟ್ಟ. ನಾಲಿಗೆ ಹಲ್ಲು ಕಚ್ಚಿ ನಿಂತಿತು. ಬಟ್ಟೆ ತಬಲಾದ ಹಾಗೆ ಬಿಗಿಯಾಯಿತು. ಈರಣ್ಣ ತಾಯಿಯ ಮುಖ ನೋಡಿದ. ಆಮೇಲೆ ತಾನೇ ಅವಳ ರೆಟ್ಟೆ ಹಿಡಿದು ಕುಣಿಗೆ ಇಳಿಸಿದ. "ದಿನಕ್ಕ ಎರಡ ತಾಸು ಅಷ್ಟ, ಮತ್ತ" ಎಂದ. "ಮೂರು" ಎಂದಳು ದೊಡ್ಡವ್ವ. ಲಾಳಿ ಓಡಿತು. ಕೆಳಗಿನ ಕನ್ನಡಿಯಲ್ಲಿ ನಾನು ಬಗ್ಗಿ ನೋಡಿದೆ. ಸೂಜಿಮಲ್ಲಿಗೆಯ ಒಂದು ಸಾಲು ಅರಳುತ್ತಿತ್ತು.

ಅಮಾವಾಸ್ಯೆಯ ಮಾರನೇ ದಿನ ಗುಜರಿಯವನು ಬಂದನಂತೆ. ನಮ್ಮ ಈರಣ್ಣ ಅವನಿಗೆ ಬರಬೇಡ ಎಂದು ಹೇಳಲು ಮರೆತಿದ್ದ. ಮಗ್ಗದ ಸದ್ದು ಕೇಳಿ, ಬಾಗಿಲಲ್ಲೇ ನಿಂತು, ಬಂದ ದಾರಿಗೆ ಸುಂಕವಿಲ್ಲ ಎಂದು ಹೋದ. ನನ್ನ ಉಲ್ಟಾ ಗಾಲಿಯನ್ನಾದರೂ ಕೊಡೋಣವೆಂದು ಈರಣ್ಣ ಅಂದರೆ ದೊಡ್ಡವ್ವ ಬಿಡಲಿಲ್ಲವಂತೆ. ಅದಕ್ಕೆ ಹಗ್ಗ ಹಾಕಿ ಗೋಡೆಯ ಮೊಳೆಗೆ ತೂಗಿಬಿಟ್ಟಿದ್ದಾಳೆ. ಯಾರಾದರೂ ಕೇಳಿದರೆ, "ನಮ್ಮ ಸುಮಿ ಮಾಡಿದ್ದು" ಎನ್ನುತ್ತಾಳೆ. ಉಲ್ಟಾ ಎಂದು ಮಾತ್ರ ಹೇಳುವುದಿಲ್ಲ.

ನಾನು ಕ್ಲಾಸಿಗೆ ಹೋಗುತ್ತಲೇ ಇದ್ದೇನೆ. ಮುಂದಿನ ವಾರದಿಂದ ಗಾಲಿಯನ್ನೂ ನಾಲಿಗೆಯನ್ನೂ ಸ್ಕ್ರೀನಿನ ಮೇಲೆ ಜೋಡಿಸಿ ಓಡಿಸುವ ಪಾಠ. ರಾತ್ರಿ ಯಾವಾಗ ಕಳೆದು ಸೋಮವಾರ ಬರುತ್ತದೋ ಎಂದು ಕಾಯುತ್ತಿದ್ದೇನೆ. ನಸ್ರೀನ್ ಮಾತ್ರ ಈಚೆಗೆ ನನ್ನ ಡ್ರಾಯಿಂಗ್ ನೋಡುವ ಮೊದಲು ಒಂದೇ ಪ್ರಶ್ನೆ ಕೇಳುತ್ತಾಳೆ: "ದೊಡ್ಡಮ್ಮ ನೋಡಿದ್ರೇನ್ರಿ?"

ಈ ಬರಹವನ್ನೂ ಕಳಿಸುವ ಮೊದಲು ಗುಳೇದಗುಡ್ಡಕ್ಕೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದಳು. ಎಲ್ಲಿ ಎಂದು ಹೇಳುವುದಿಲ್ಲ.

ಅಂದಹಾಗೆ, ನಿಮ್ಮ ಮನೆಯಲ್ಲಿ ಯಾರ ಹೆಸರಿನ ಮುಂದೆ ನೀವು 'ವಿದ್ಯಾಭ್ಯಾಸ: ಇಲ್ಲ' ಎಂದು ಬರೆದಿದ್ದೀರಿ?